ಶ್ರೀಲಂಕಾದಲ್ಲಿ ಅಪ್ಪ ಏನು ಮಾಡಿದ್ರು ಅಂತ ತೀರ್ಮಾನ ಮಾಡೋರು ಯಾರು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ನಮ್ಮಪ್ಪ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. 1987ರ ಕೊನೆಯಲ್ಲಿ ಶ್ರೀಲಂಕಾಕ್ಕೆ ಹೋಗಿ 1989ರಲ್ಲಿ ವಾಪಸ್ ಬಂದರು. ಅಲ್ಲಿನ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತಾಡಿದವರಲ್ಲ. ಪ್ರತಿ ಜನವರಿ 26ಕ್ಕೆ ಊರಿನ ಶಾಲೆಯಲ್ಲಿ ಅವರಿಗೆ ಮೈಸೂರು ಪೇಟ ತೊಡಿಸಿ ಹಾರ ಹಾಕುತ್ತಾರೆ. ಹೋದ ತಿಂಗಳು ಬೀಗರ ಊಟದ ದಿನ ಚಿಕ್ಕಪ್ಪನ ಮಗ ಪಂಕ್ತಿಯಲ್ಲೇ ಫೋನ್ ತೋರಿಸಿ, "ದೊಡ್ಡಪ್ಪ, ಜಾಫ್ನಾದ ಆಸ್ಪತ್ರೇಲಿ ಡಾಕ್ಟರು ನರ್ಸ್‌ಗಳನ್ನ ನಮ್ ಆರ್ಮಿಯವ್ರೇ ಕೊಂದ್ರಂತೆ, ನೀವೂ ಇದ್ರಾ?" ಅಂತ ಕೇಳಿಬಿಟ್ಟ. ಅಪ್ಪ ಅರ್ಧ ಊಟಕ್ಕೆ ಎದ್ದು ಹೋದರು. ಈಗ ಊರಲ್ಲಿ ಎರಡು ಪಾರ್ಟಿ. ಒಬ್ಬರು ಯೋಧನಿಗೆ ಅವಮಾನ ಆಯಿತು ಅಂತಾರೆ, ಇನ್ನೊಬ್ಬರು ಉತ್ತರ ಕೊಡದೆ ಎದ್ದರು ಅಂದ್ರೆ ಏನೋ ಇದೆ ಅಂತಾರೆ. ಈ ಸಲ ಶಾಲೆಗೆ ಬರಲ್ಲ ಅಂತ ಅಪ್ಪ ಹೇಳಿದ್ದಾರೆ. ನಾನು ಅವರನ್ನ ಕೇಳಬೇಕಾ, ಬಿಡಬೇಕಾ? ಇಂಥದ್ದನ್ನ ತೀರ್ಮಾನ ಮಾಡೋದು ಹೇಗೆ?

ಉತ್ತರ:

ನಿಮ್ಮ ತಮ್ಮ ಕೇಳಿದ ಸಂಗತಿ ಕಟ್ಟುಕತೆಯಲ್ಲ. ವಿಡಿಯೊ ಸುಳ್ಳು ಅಂತ ನಾನು ಹೇಳಲಿ ಎನ್ನುವ ಆಸೆ ನಿಮಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. 1987ರ ಅಕ್ಟೋಬರ್ 21, ಅವತ್ತು ದೀಪಾವಳಿ. ನಮ್ಮ ಶಾಂತಿಪಾಲನಾ ಪಡೆ, ಅಂದರೆ ಐಪಿಕೆಎಫ್, ಜಾಫ್ನಾ ಪಟ್ಟಣವನ್ನು ತಮಿಳು ಹುಲಿಗಳ ಸಂಘಟನೆ ಎಲ್‌ಟಿಟಿಇ ಕೈಯಿಂದ ಬಿಡಿಸಲು ಹೋರಾಡುತ್ತಿತ್ತು. ಅವತ್ತು ಮತ್ತು ಮಾರನೇ ದಿನ ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ಡಾಕ್ಟರುಗಳು, ನರ್ಸುಗಳು, ನೌಕರರು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದರು, ಎರಡು ಕಡೆಯ ಗುಂಡಿಗೂ ಸಿಕ್ಕಿ ಜನ ಸತ್ತರು ಅನ್ನುವುದು ನಮ್ಮ ಸೇನೆಯ ಕಡೆಯ ಮಾತು. ಬದುಕಿ ಉಳಿದವರು ಹೇಳುವುದೇ ಬೇರೆ. ಸೈನಿಕರು ಒಳಗೆ ನುಗ್ಗಿ ವಾರ್ಡಿನಲ್ಲಿದ್ದವರ ಮೇಲೆ ಗುಂಡು ಹಾರಿಸಿದರು, ಕೈ ಮೇಲೆತ್ತಿಕೊಂಡು ಬಂದ ಡಾಕ್ಟರನ್ನೂ ಬಿಡಲಿಲ್ಲ ಅನ್ನುತ್ತಾರೆ ಅವರು. ಇದಕ್ಕಾಗಿ ಯಾರಿಗೂ ಶಿಕ್ಷೆ ಆಗಲಿಲ್ಲ.

ಇಷ್ಟು ನಿಮ್ಮ ತಮ್ಮನ ಪ್ರಶ್ನೆಯ ಮೊದಲ ಭಾಗ. "ನೀವೂ ಇದ್ರಾ?" ಅನ್ನುವುದು ಬೇರೆಯೇ ಪ್ರಶ್ನೆ, ಅದನ್ನು ಕೇಳಿದ ಜಾಗ ಮಾತ್ರ ತೀರಾ ತಪ್ಪು. ಎಲೆ ಮುಂದೆ ಕೂತವನನ್ನು ನೂರು ಜನರೆದುರು ಕೇಳಿದರೆ ಇದ್ದವನೂ ಏಳುತ್ತಾನೆ, ಇಲ್ಲದವನೂ ಏಳುತ್ತಾನೆ. ಎದ್ದು ಹೋದದ್ದನ್ನು ಸಾಕ್ಷಿ ಅಂತ ಹಿಡಿದುಕೊಂಡಿರುವ ನಿಮ್ಮೂರಿನ ಎರಡನೇ ಪಾರ್ಟಿಗೆ ಇಷ್ಟು ಹೇಳಿದರೆ ಸಾಕು.

ನಾನು ಸೇನೆಯ ಕಾನೂನು ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು. ಕೋರ್ಟ್ ಮಾರ್ಷಲ್‌ಗಳಲ್ಲಿ ಕೂತು ಸಾಕ್ಷಿ ಕೇಳಿದ್ದೇನೆ. ಈಗ ಮೈಸೂರಿನಲ್ಲಿ ಮಾಜಿ ಸೈನಿಕರ ಪೆನ್ಶನ್ ಕಾಗದಪತ್ರ ನೋಡಿಕೊಡುತ್ತೇನೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಇದ್ಯಾವುದೂ ಆಗುವುದಕ್ಕೆ ಮೊದಲಿನ ಒಂದು ಮಾತು ಹೇಳಿಬಿಡಬೇಕು.

1990ರಲ್ಲಿ ನಾನು ಮೈಸೂರಿನಲ್ಲಿ ಲಾ ಓದುತ್ತಿದ್ದೆ. ಅಗ್ರಹಾರದ ಹತ್ತಿರ ಒಂದು ವಠಾರದಲ್ಲಿ ನಮ್ಮ ವಾಸ. ಪಕ್ಕದ ಮನೆಯವರು ಮಿಲಿಟರಿ, ಆಗ ತಾನೆ ಶ್ರೀಲಂಕಾದಿಂದ ಬಂದು ರಜೆ ಮೇಲಿದ್ದರು. ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಗ ನಾನು, ಪೇಪರ್ ಓದಿಕೊಂಡ ಬುದ್ಧಿವಂತ, "ಶಾಂತಿ ಕಾಪಾಡೋಕೆ ಹೋದೋರು ಅಲ್ಲಿನ ಜನಕ್ಕೇ ಹೊಡೆದು ಬಂದ್ರಂತಲ್ಲ ಅಣ್ಣ" ಅಂದೆ. ಅವರು ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಬಿಂದಿಗೆ ತುಂಬಿಸಿಕೊಂಡು ಹೋದರು. ಮುಂದಿನ ವರ್ಷ ಮೇ 21ಕ್ಕೆ ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ ಆಯಿತು. ಆಗಸ್ಟ್‌ನಲ್ಲಿ ನಿಮ್ಮ ಜಿಲ್ಲೆಯದೇ ಮುತ್ತತ್ತಿಯಲ್ಲಿ ಅಡಗಿಕೊಂಡಿದ್ದ ಎಲ್‌ಟಿಟಿಇ ಹುಡುಗರು ಸೈನೈಡ್ ಕಚ್ಚಿ ಸತ್ತರು. ಬೆಂಗಳೂರಿನ ಕೋಣನಕುಂಟೆಯಲ್ಲಿ ಆ ಹತ್ಯೆಯ ಸಂಚು ನಡೆಸಿದ ಶಿವರಾಸನ್ ಗುಂಪಿನ ಕತೆಯೂ ಆಗಲೇ ಮುಗಿಯಿತು. ಅದೇ ಅಣ್ಣ ಮತ್ತೆ ರಜೆಗೆ ಬಂದಾಗ ವಠಾರದವರೆಲ್ಲ ಅವರ ಮನೆ ಮುಂದೆ. ನಾನೇ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, "ನೀವೇ ಸರಿ ಅಣ್ಣ, ಅವ್ರನ್ನ ಅಲ್ಲೇ ಮುಗಿಸಬೇಕಿತ್ತು" ಅಂದೆ. ಅವತ್ತೂ ಅವರು ಅದೇ ಥರ ನನ್ನ ಮುಖ ನೋಡಿದರು.

ಆ ಮನುಷ್ಯ ಶ್ರೀಲಂಕಾದಲ್ಲಿ ಏನು ಮಾಡಿದ್ದರೋ ಅದು 1990ರಲ್ಲೂ ಅಷ್ಟೇ, 1991ರಲ್ಲೂ ಅಷ್ಟೇ. ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾಗಿದ್ದು ನಮಗೆ ಆ ಯುದ್ಧದ ಮೇಲಿದ್ದ ಅಭಿಪ್ರಾಯ. ಎರಡು ಸಲವೂ ನಾನು ಅವರನ್ನು ಏನೂ ಕೇಳಿರಲಿಲ್ಲ, ಗಮನಿಸಿ. ಮೊದಲ ಸಲ ಬೈದೆ, ಎರಡನೇ ಸಲ ಹೊಗಳಿದೆ.

ಇಡೀ ದೇಶ ಮಾಡಿದ್ದೂ ಅದನ್ನೇ. 1987ರ ಜುಲೈ 29ಕ್ಕೆ ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು, ಸೈನ್ಯ ಹೋಯಿತು. ಹೋದಾಗ ಅಲ್ಲಿನ ತಮಿಳರೇ ಹಾರ ಹಾಕಿ ಬರಮಾಡಿಕೊಂಡಿದ್ದರು. ಅಕ್ಟೋಬರ್ ಹೊತ್ತಿಗೆ ಅದೇ ಬೀದಿಗಳಲ್ಲಿ ಯುದ್ಧ. ಎರಡೂವರೆ ವರ್ಷದಲ್ಲಿ ನಮ್ಮ ಕಡೆ ಸುಮಾರು 1,200 ಮಂದಿ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದಾಗ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ, ನಮ್ಮ ತಮಿಳರನ್ನು ಕೊಂದು ಬಂದವರನ್ನು ಸ್ವಾಗತಿಸುವುದಿಲ್ಲ ಅಂದರು. ಇದರ ಪಕ್ಕದಲ್ಲಿ 1999ರ ಕಾರ್ಗಿಲ್ ಇಟ್ಟು ನೋಡಿ. ಶವಪೆಟ್ಟಿಗೆ ಊರಿಗೆ ಬಂದರೆ ತಾಲ್ಲೂಕಿಗೆ ತಾಲ್ಲೂಕೇ ರಸ್ತೆಗೆ ಇಳಿಯುತ್ತಿತ್ತು, ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೂ ಅದೇ. ಕಾರ್ಗಿಲ್‌ನಲ್ಲಿ ಸತ್ತವನೂ ಜಾಫ್ನಾದಲ್ಲಿ ಸತ್ತವನೂ ಒಂದೇ ಸೆಂಟರಿನಲ್ಲಿ ತರಬೇತಿ ಪಡೆದ ಹುಡುಗರಾಗಿರಬಹುದು. ಒಬ್ಬನ ಹೆಸರಲ್ಲಿ ಸರ್ಕಲ್ ಇದೆ, ಇನ್ನೊಬ್ಬನ ಊರಿನವರಿಗೇ ಅವನು ಎಲ್ಲಿ ಸತ್ತ ಅಂತ ಸರಿಯಾಗಿ ಗೊತ್ತಿಲ್ಲ.

ಮನೆಯಲ್ಲಿ ಕೂತ ಜನ ತೀರ್ಪು ಕೊಡುವುದು ಯುದ್ಧಕ್ಕೆ. ಅದನ್ನು ಸೈನಿಕನ ಕೊರಳಿಗೆ ಕಟ್ಟುತ್ತಾರೆ. ಇದು ನನ್ನ ಇಷ್ಟು ವರ್ಷದ ಅನುಭವದ ಮಾತು, ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ವಿಯೆಟ್ನಾಮಿನ ಮೈ ಲಾಯ್ ಅನ್ನುವ ಹಳ್ಳಿ. 1968ರ ಮಾರ್ಚ್ 16. ಅಮೆರಿಕದ ಒಂದು ಕಂಪನಿ ಸೈನಿಕರು ಊರೊಳಗೆ ನುಗ್ಗಿ ಮುದುಕರು, ಹೆಂಗಸರು, ಮಕ್ಕಳು ಅಂತ ನೋಡದೆ ಕೊಂದರು. ಅಮೆರಿಕದ ಸೇನೆ 347 ಅಂತ ಲೆಕ್ಕ ಹೇಳಿತು, ವಿಯೆಟ್ನಾಮಿನವರು 504 ಅನ್ನುತ್ತಾರೆ. ಅವತ್ತು ಮೇಲೆ ಹೆಲಿಕಾಪ್ಟರಿನಲ್ಲಿದ್ದ ಪೈಲಟ್ ಹ್ಯೂ ಥಾಂಪ್ಸನ್, ವಯಸ್ಸು 24, ಇದನ್ನು ನೋಡಿ ತನ್ನ ಕಡೆಯ ಸೈನಿಕರಿಗೂ ಓಡುತ್ತಿದ್ದ ಹಳ್ಳಿಯವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿಬಿಟ್ಟ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತನ್ನ ಗನ್ನರುಗಳಿಗೆ ಹೇಳಿ, ತಾನು ಕೆಳಗಿಳಿದು ಹೋಗಿ ಅಡಗಿದ್ದವರನ್ನು ಹೊರಗೆ ಕರೆದುಕೊಂಡು ಬಂದ. ಎಲ್ಲ ಮುಚ್ಚಿಹೋಗಿ ಒಂದೂವರೆ ವರ್ಷದ ಮೇಲೆ, 1969ರ ನವೆಂಬರ್‌ನಲ್ಲಿ, ಪತ್ರಿಕೆಗಳಲ್ಲಿ ಬಂತು. 1971ರಲ್ಲಿ ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ ಮಾತ್ರ ಶಿಕ್ಷೆ ಆಯಿತು, 22 ಜನರ ಕೊಲೆಗೆ ಜೀವಾವಧಿ. ಈಗ ಹೇಳಿ, ಅಮೆರಿಕದ ಜನ ಯಾರ ಕಡೆ ನಿಂತಿರಬಹುದು?

ಕ್ಯಾಲಿ ಕಡೆ. ಶ್ವೇತಭವನಕ್ಕೆ ರಾಶಿ ರಾಶಿ ಟೆಲಿಗ್ರಾಂ ಬಂದವು, ಅವನ ಪರವಾಗಿ ಹಾಡು ಕಟ್ಟಿ ರೆಕಾರ್ಡ್ ಮಾಡಿ ಮಾರಿದರು. ಅಧ್ಯಕ್ಷ ನಿಕ್ಸನ್ ಕೆಲವೇ ದಿನದಲ್ಲಿ ಅವನನ್ನು ಜೈಲಿಂದ ಬಿಡಿಸಿ ಗೃಹಬಂಧನಕ್ಕೆ ಹಾಕಿಸಿದರು. 1974ಕ್ಕೆಲ್ಲ ಅವನು ಹೊರಗೆ. ಥಾಂಪ್ಸನ್ ಮನೆಗೆ ಬಂದದ್ದು ಕೊಲೆ ಬೆದರಿಕೆಯ ಫೋನುಗಳು, ಬಾಗಿಲ ಮುಂದೆ ಸತ್ತ ಪ್ರಾಣಿಗಳು. ಈ ಪ್ರಕರಣದಲ್ಲಿ ಶಿಕ್ಷೆ ಆಗಬೇಕಾದವನು ಯಾರಾದರೂ ಇದ್ದರೆ ಅದು ಥಾಂಪ್ಸನ್ ಅಂತ ಒಬ್ಬ ಸಂಸದನೇ ಹೇಳಿದ್ದ. ಅವನ ಸಾಹಸಕ್ಕೆ ಸೇನೆ ಸರಿಯಾದ ಪದಕ ಕೊಟ್ಟದ್ದು 1998ರಲ್ಲಿ, 30 ವರ್ಷ ಆದಮೇಲೆ.

ಯಾಕೆ ಹೀಗೆ? ಕ್ಯಾಲಿ ತಪ್ಪಿತಸ್ಥ ಅಂತ ಒಪ್ಪಿದರೆ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿದ ತಾವೂ ಒಂದಿಷ್ಟು ಹೊರಬೇಕಾಗುತ್ತದೆ. ಯುದ್ಧ ಬೇಕು ಅಂದವರಿಗೆ ಅವನು ಬಲಿಪಶು. ವಿಚಿತ್ರ ಅಂದರೆ ಯುದ್ಧ ಬೇಡ ಅಂದವರಲ್ಲೂ ಎಷ್ಟೋ ಜನರಿಗೆ ಅವನು ಬಲಿಪಶುವೇ, ದೊಡ್ಡವರನ್ನು ಬಿಟ್ಟು ಚಿಕ್ಕವನನ್ನು ಹಿಡಿದರು ಅಂತ. ಆ ಹಳ್ಳಿಯ ಕಾಲುವೆಯಲ್ಲಿ ಬಿದ್ದಿದ್ದವರ ಸುದ್ದಿ ಎರಡು ಕಡೆಯವರ ಮಾತಿನಲ್ಲೂ ಇರಲಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು, ನಿಮ್ಮ ಜಿಲ್ಲೆಯಲ್ಲೇ ಸಾವಿರ ವರ್ಷ ಹಳೆಯ ಒಂದು ಕಲ್ಲು ಸಿಕ್ಕಿದೆ. ಮದ್ದೂರು ತಾಲ್ಲೂಕಿನ ಆತಕೂರಿನದು. ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೆ ನಿಲ್ಲಿಸಿದ ಕಲ್ಲು ಅಂತ ಎಲ್ಲರಿಗೂ ಗೊತ್ತು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್‌ನಲ್ಲಿದೆ. ಆದರೆ ಆ ಶಾಸನದಲ್ಲಿ ನಾಯಿಯ ಜೊತೆ ಒಂದು ಯುದ್ಧದ ಸುದ್ದಿಯೂ ಇದೆ. ಕ್ರಿ.ಶ. 949ರ ಸುಮಾರಿನ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ, ಅದಕ್ಕೆ ರಾಷ್ಟ್ರಕೂಟ ಕೃಷ್ಣ ಅವನಿಗೆ ನಾಡುಗಳನ್ನು ಬಿಟ್ಟುಕೊಟ್ಟ ಅಂತ. ಹೇಗೆ ಕೊಂದ? ಇಲ್ಲೇ ಇರುವುದು ತಮಾಷೆ. ಶಾಸನವನ್ನು ಮೊದಲು ಓದಿದಾಗ ಮೋಸದಿಂದ ಕಠಾರಿಯಲ್ಲಿ ಇರಿದು ಕೊಂದ ಅಂತ ಅರ್ಥ ಮಾಡಿದ್ದರು. ಆಮೇಲೆ ಅದೇ ಸಾಲನ್ನು ಸರಿಯಾಗಿ ಓದಿ, ಆನೆ ಮೇಲಿನ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿ ಕೊಂದ ಅಂತ ತಿದ್ದಿದರು. ಒಂದು ಪದದ ಅರ್ಥ ಬದಲಾದ್ದಕ್ಕೆ ಮೋಸಗಾರ ವೀರನಾದ. ಚೋಳರ ಕಡೆ ನೋಡಿದರೆ ಅವರಿಗೆ ರಾಜಾದಿತ್ಯನೇ ವೀರ, ಆನೆಯ ಮೇಲೆ ಮಡಿದ ದೊರೆ ಅಂತಲೇ ಅವನನ್ನು ಕರೆಯುತ್ತಾರೆ. ಕಲ್ಲಿನಲ್ಲಿ ಕೆತ್ತಿಟ್ಟ ವಿಷಯದ ಗತಿಯೇ ಇದಾದರೆ ನಲವತ್ತು ಸೆಕೆಂಡಿನ ವಿಡಿಯೊದ್ದು ಏನು ಹೇಳೋಣ.

(ಮಂಡ್ಯದ ಕಡೆ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೇ ಜಾಸ್ತಿ ದುಡ್ಡು ಕಟ್ಟಬೇಕು. ಭೀಮ ತೊಡೆಗೆ ಹೊಡೆದಾಗ ಶಿಳ್ಳೆ ಬೀಳುವುದು ಕೆಳಗೆ ಬಿದ್ದವನಿಗೆ. ಯುದ್ಧದಲ್ಲಿ ಗೆದ್ದವನೆಲ್ಲ ಸರಿಯಾಗಿ ಗೆದ್ದಿರುವುದಿಲ್ಲ ಅನ್ನುವುದು ನಿಮ್ಮೂರಿನವರಿಗೆ ರಾತ್ರಿಯಿಡೀ ಹಾರ್ಮೋನಿಯಂ ಪಕ್ಕ ಕೂತಾಗ ಚೆನ್ನಾಗಿ ಗೊತ್ತಿರುತ್ತದೆ, ಬೆಳಿಗ್ಗೆ ಟೀ ಅಂಗಡಿಗೆ ಬಂದಾಗ ಮರೆತುಹೋಗುತ್ತದೆ.)

ಇನ್ನೊಂದು ತೊಂದರೆ ಇದೆ. ಸೈನಿಕ ಮಾಡಿದ್ದನ್ನು ನೋಡಿದವರು ಸಾಮಾನ್ಯವಾಗಿ ಅವನ ಪಕ್ಕದವರು, ಇಲ್ಲ ಎದುರಿನವರು. ಪಕ್ಕದವರು ಸತ್ತಿರುತ್ತಾರೆ, ಎದುರಿನವರ ಮಾತು ನಮಗೆ ತಲುಪುವುದಿಲ್ಲ. ಕೊಡಗಿನವರಾದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರದು ಹೀಗೇ ಆಯಿತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಿಮಾನನೆಲೆ ಮೇಲೆ ದಾಳಿಗೆ ಹೋದ ಅವರು ವಾಪಸ್ ಬರಲಿಲ್ಲ. ಇಲ್ಲಿ ಅವರು ಕಾಣೆಯಾದವರ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ. ಅವರು ತಮ್ಮ ಹಳೆಯ ಮಿಸ್ಟೀರ್ ವಿಮಾನದಲ್ಲಿ ಪಾಕಿಸ್ತಾನದ ಸೂಪರ್‌ಸಾನಿಕ್ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಕೆಡವಿ ತಾವೂ ಬಿದ್ದರು ಅನ್ನುವುದು ಗೊತ್ತಾಗಿದ್ದು 1979ರಲ್ಲಿ, ಅದೂ ಪಾಕಿಸ್ತಾನದ ಕಡೆಯ ವಿವರಗಳಿಂದ ಒಬ್ಬ ಬ್ರಿಟಿಷ್ ಲೇಖಕ ಬರೆದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಅವರ ಮನೆಯವರು ಏನು ಅಂತ ಹೇಳಿಕೊಂಡಿರಬೇಕು? ಶತ್ರು ಬಾಯಿಬಿಟ್ಟ ಮೇಲೆ ನಮಗೆ ನಮ್ಮವನ ಬೆಲೆ ಗೊತ್ತಾಯಿತು.

ಸೇನೆಯ ಸ್ವಂತ ದಾಖಲೆ ಆದರೂ ಸರಿಯಿರುತ್ತದಲ್ವಾ ಅಂದರೆ ಅದೂ ಗ್ಯಾರಂಟಿ ಇಲ್ಲ. ಕಾರ್ಗಿಲ್‌ನ ಬಟಾಲಿಕ್ ವಲಯದಲ್ಲಿ ಬ್ರಿಗೇಡ್ ನಡೆಸಿದ ದೇವಿಂದರ್ ಸಿಂಗ್ ಅವರ ಬಗ್ಗೆ ಮೇಲಧಿಕಾರಿ ಬರೆದ ವರದಿ ಪಕ್ಷಪಾತದ್ದು ಅಂತ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರಲ್ಲಿ ಹೇಳಿತು, ದಾಖಲೆಯನ್ನು ತಿದ್ದಿ ಅಂತ ಆದೇಶ ಮಾಡಿತು. ಟಿವಿಯಲ್ಲಿ ಇಡೀ ದೇಶ ನೋಡಿದ ಯುದ್ಧದ ಕತೆ ಇದು.

ಹಾಗಾದರೆ ಯಾರನ್ನೂ ಏನೂ ಅನ್ನಬಾರದಾ? ಹಾಗಲ್ಲ. ಇಲ್ಲಿ ನಾನು ನಿಮ್ಮೂರಿನ ಮೊದಲ ಪಾರ್ಟಿಗೂ ಸ್ವಲ್ಪ ಹೇಳಬೇಕು, ಯೋಧನನ್ನು ಪ್ರಶ್ನೆ ಮಾಡುವುದೇ ಪಾಪ ಅನ್ನುವವರಿಗೆ. ಸೇನೆಯ ಕಾನೂನೇ ಹಾಗೆ ಹೇಳುವುದಿಲ್ಲ. 1950ರ ಆರ್ಮಿ ಆಕ್ಟ್‌ನ 41ನೇ ಸೆಕ್ಷನ್ ಮೇಲಿನವರ ಆಜ್ಞೆ ಮೀರಿದರೆ ಶಿಕ್ಷೆ ಅನ್ನುತ್ತದೆ, ಆದರೆ ಅಲ್ಲಿರುವ ಪದ ಕಾನೂನುಬದ್ಧ ಆಜ್ಞೆ ಅಂತ. ಕೈಯೆತ್ತಿ ನಿಂತವನನ್ನು ಕೊಲ್ಲು ಅನ್ನುವುದು ಅಂಥ ಆಜ್ಞೆ ಅಲ್ಲ. "ಸಾಹೇಬ್ರು ಹೇಳಿದ್ರು, ಮಾಡ್ದೆ" ಅನ್ನುವ ಉತ್ತರ ನನ್ನ ಮುಂದೆ ಎಷ್ಟೋ ಸಲ ಬಂದಿದೆ, ಅದೊಂದರಿಂದಲೇ ಯಾರೂ ಪಾರಾಗುವಂತಿಲ್ಲ. ಯುದ್ಧದಲ್ಲಿ ಶರಣಾದವರನ್ನೂ ಗಾಯಾಳುಗಳನ್ನೂ ನಾಗರಿಕರನ್ನೂ ಕಾಪಾಡುವ ಜಿನೀವಾ ಒಪ್ಪಂದಗಳನ್ನು ನಮ್ಮ ಸಂಸತ್ತು 1960ರಲ್ಲೇ ಕಾನೂನು ಮಾಡಿದೆ. ನಾವು ಸೈನಿಕನಿಗೆ ಬಂದೂಕಿನ ಜೊತೆ ಈ ಕಟ್ಟುಪಾಡನ್ನೂ ಕೊಟ್ಟು ಕಳಿಸಿದ್ದೇವೆ. ಅದನ್ನು ಪಾಲಿಸಿದವನಿಗೆ, ಎದುರಿಗೆ ಸ್ನೇಹಿತ ಸತ್ತು ಬಿದ್ದಿದ್ದರೂ ಟ್ರಿಗರ್ ಮೇಲಿಂದ ಬೆರಳು ತೆಗೆದವನಿಗೆ, ಮರ್ಯಾದೆ ಕೊಡಬೇಕು ಅಂದರೆ ಪಾಲಿಸದವನನ್ನು ಬೇರೆ ಮಾಡಿ ನೋಡಲೇಬೇಕು. ಎಲ್ಲರಿಗೂ ಒಂದೇ ಹಾರ ಹಾಕಿದರೆ ಮೋಸ ಆಗುವುದು ಒಳ್ಳೆಯ ಸೈನಿಕನಿಗೆ. ಆಸ್ಟ್ರೇಲಿಯಾದವರು ಅಫ್ಘಾನಿಸ್ತಾನದಲ್ಲಿ ತಮ್ಮ ವಿಶೇಷ ಪಡೆಯವರು ಮಾಡಿದ್ದನ್ನು ತಾವೇ ತನಿಖೆ ಮಾಡಿ 2020ರಲ್ಲಿ ವರದಿ ಹೊರಗಿಟ್ಟರು. 39 ಅಕ್ರಮ ಹತ್ಯೆಗಳಿಗೆ ನಂಬಬಹುದಾದ ಮಾಹಿತಿ ಇದೆ ಅಂತ ಅದರಲ್ಲಿತ್ತು. ಅಲ್ಲೂ ಜನ ಎರಡು ಪಾಲಾದರು, ಬೈಗುಳ ಜೋರಾಯಿತು. ಆದರೂ ಇಂಥ ಕಡೆ, ಇಂಥ ದಿನ, ಇಷ್ಟು ಜನ ಅಂತ ಬೇರೆ ಬೇರೆ ಮಾಡಿ ಹೇಳಿದರು. ಜಾಫ್ನಾ ಆಸ್ಪತ್ರೆಗೆ ನಾವು ಅಷ್ಟು ಮಾಡಿದ್ದಿದ್ದರೆ ಆವತ್ತು ಅಲ್ಲಿ ಇಲ್ಲದವರ ಮಕ್ಕಳು ಇವತ್ತು ನನಗೆ ಕಾಗದ ಬರೆಯಬೇಕಾಗುತ್ತಿರಲಿಲ್ಲ.

ಕೋರ್ಟ್ ಮಾರ್ಷಲ್‌ನಲ್ಲಿ ಏನು ಕೇಳುತ್ತಾರೆ ಅಂತ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನೀನು ನಿಂತದ್ದು ಎಲ್ಲಿ? ಎಷ್ಟು ಬೆಳಕಿತ್ತು? ಮೊದಲ ಗುಂಡು ಯಾವ ಕಡೆಯಿಂದ ಬಂತು? ವೈರ್‌ಲೆಸ್‌ನಲ್ಲಿ ಏನು ಕೇಳಿಸಿತು, ಯಾವ ಭಾಷೆಯಲ್ಲಿ? ಹಿಂದಿನ ಎರಡು ರಾತ್ರಿ ನಿದ್ದೆ ಮಾಡಿದ್ದೆಯಾ? ನನ್ನ ಒಂದು ಕೇಸಿನಲ್ಲಿ ಒಂದು ಗೋಡೆಯ ಎತ್ತರದ ಮೇಲೆ ಎರಡು ದಿನ ವಾದ ನಡೆಯಿತು. ಗೋಡೆ ಎದೆಮಟ್ಟ ಇದ್ದಿದ್ದರೆ ಆಚೆಗಿದ್ದವನ ಕೈ ಜವಾನನಿಗೆ ಕಾಣುತ್ತಿರಲಿಲ್ಲ, ಸೊಂಟದ ಮಟ್ಟ ಇದ್ದಿದ್ದರೆ ಕಾಣುತ್ತಿತ್ತು. ಕೈಯಲ್ಲಿದ್ದದ್ದು ಬಂದೂಕಲ್ಲ, ಗುದ್ದಲಿ. ಜವಾನ ಎದೆಗೆ ಕೈಯಿಟ್ಟು ಇಷ್ಟಿತ್ತು ಸಾಬ್ ಅಂದ. ಊರಿನವರು ಸೊಂಟ ತೋರಿಸಿದರು. ಟೇಪು ಹಿಡಿದು ಅಳೆಯಲು ಹೋದವರು ವಾಪಸ್ ಬಂದು ಹೇಳಿದರು: ಗೋಡೆ ಮಳೆಗೆ ಬಿದ್ದುಹೋಗಿದೆ. ಆ ಫೈಲು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಬೀಗರ ಊಟದಲ್ಲಿ ಒಂದು ನಿಮಿಷಕ್ಕೆ ಆಗುವ ಕೆಲಸ ಅಲ್ಲ ಇದು.

ಕೋರ್ಟ್ ಮಾರ್ಷಲ್ ಹೂಡಲು ಕಾನೂನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ. ಹಾಗಾಗಿ 1987ರದಕ್ಕೆ ಈಗ ಯಾರೂ ಬಂದು ನಿಮ್ಮಪ್ಪ ತಪ್ಪಿತಸ್ಥರು ಅಂತಲೂ ಹೇಳುವುದಿಲ್ಲ, ನಿರ್ದೋಷಿ ಅಂತಲೂ ಹೇಳುವುದಿಲ್ಲ. ಆ ಆಸೆ ಬಿಡಿ.

ಈಗ ಅಪ್ಪನ ವಿಷಯಕ್ಕೆ ಬರೋಣ. 1987ರ ಕೊನೆ ಅಂದಿದ್ದೀರಿ. ಸೆಪ್ಟೆಂಬರೋ, ಡಿಸೆಂಬರೋ? ಸರ್ವಿಸ್ ದಾಖಲೆ ತೆಗೆಸಿದರೆ ಯಾವ ಯೂನಿಟ್, ಯಾವಾಗ ಅನ್ನುವುದು ಸಿಗಬಹುದು. ಆಸ್ಪತ್ರೆಯ ದಿನ ಅವರು ಅಲ್ಲಿರಲೇ ಇಲ್ಲ ಅಂತ ಗೊತ್ತಾದರೆ ನಿಮಗೆ ಸಮಾಧಾನ. ಆದರೆ ಅದು ನಿಮ್ಮ ಸಮಾಧಾನ. ಅವರು ಎದ್ದು ಹೋದದ್ದು ಆ ಆಸ್ಪತ್ರೆಗಾಗಿಯೇ ಅಂತ ನಿಮಗೆ ಯಾರು ಹೇಳಿದ್ದು?

ನಿಮ್ಮಪ್ಪ ಸ್ಯಾಪರ್ ಅಂದಿರಲ್ಲ, ಆಗ ನನಗೆ ಒಬ್ಬರು ನೆನಪಾದರು. ನನ್ನ ಹತ್ತಿರ ಪೆನ್ಶನ್ ಕೆಲಸಕ್ಕೆ ಬರುತ್ತಿದ್ದರು, ಅವರೂ ಸ್ಯಾಪರ್, ಅವರೂ ಶ್ರೀಲಂಕಾ. ಡಿಸ್ಚಾರ್ಜ್ ಬುಕ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಒಂದು ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ದಿನ ಕರೆಂಟ್ ಹೋಗಿ ಜೆರಾಕ್ಸ್‌ಗೆ ಕಾಯುತ್ತಾ ಕೂತಿದ್ದಾಗ ತಾವಾಗೇ ಶುರು ಮಾಡಿದರು. ಹುಲಿಗಳು ರಸ್ತೆಯಲ್ಲಿ ಮೈನ್, ಅಂದರೆ ನೆಲಬಾಂಬ್, ಹೂತಿಡುತ್ತಿದ್ದರು. ಸ್ಯಾಪರ್‌ಗಳು ಮುಂದೆ ಹೋಗಬೇಕು. ನೆಲಕ್ಕೆ ಮಲಗಿ, ಮೊನಚು ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಿ, ಗಟ್ಟಿ ತಾಗುತ್ತದಾ ನೋಡಿ, ಇನ್ನು ಎರಡು ಬೆರಳು ಪಕ್ಕಕ್ಕೆ ಮತ್ತೆ ಚುಚ್ಚಬೇಕು. ನೇರವಾಗಿ ಚುಚ್ಚಿದರೆ ಮೈನ್‌ನ ತಲೆ ಮೇಲೇ ಒತ್ತಿದ ಹಾಗೆ. ನನ್ನ ಟೇಬಲ್ ಮೇಲೆ ಬಾಲ್ ಪೆನ್ ಹಿಡಿದು ತೋರಿಸಿದರು, ಮುಂಗೈ ಟೇಬಲ್ಲಿಗೆ ಅಂಟಿಸಿಕೊಂಡು. ಬೆರಳು ನಡುಗುತ್ತಿರಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟು, "ಕ್ಲಿಯರ್ ಅಂತ ನಾನೇ ಹೇಳಿದ್ದು ಸಾರ್ ಆ ರೋಡು" ಅಂದರು. ಅಷ್ಟೇ. ಆ ರಸ್ತೆಯಲ್ಲಿ ಹೋದ ಗಾಡಿಯಲ್ಲಿ ಎಷ್ಟು ಜನರಿದ್ದರು ಅಂತ ನಾನು ಕೇಳಲಿಲ್ಲ. ಕರೆಂಟ್ ಬಂತು, ಜೆರಾಕ್ಸ್ ಆಯಿತು, ಬಸ್ಸಿಗೆ ಹೋದರು.

ಆ ಮನುಷ್ಯನನ್ನು ಪಂಕ್ತಿಯಲ್ಲಿ ಯಾರಾದರೂ "ನೀವು ಎಷ್ಟು ಜನರನ್ನ ಕೊಂದ್ರಿ?" ಅಂತ ಕೇಳಿದರೂ ಎದ್ದು ಹೋಗುತ್ತಿದ್ದರು, "ನೀವು ಎಷ್ಟು ಜನರನ್ನ ಉಳಿಸಿದ್ರಿ?" ಅಂತ ಕೇಳಿದರೂ ಎದ್ದು ಹೋಗುತ್ತಿದ್ದರು. ಸೈನಿಕ ಹೊತ್ತುಕೊಂಡು ಬರುವುದು ಯಾವಾಗಲೂ ಊರಿನವರು ಊಹಿಸುವ ಭಾರವೇ ಆಗಿರಬೇಕು ಅಂತೇನಿಲ್ಲ. ಯಾರೋ ಮಾಡಿದ್ದನ್ನು ನೋಡಿ ಸುಮ್ನಿದ್ದದ್ದು ಇರಬಹುದು. ತಾನೇ ಮಾಡಿದ್ದೂ ಇರಬಹುದು, ಅದನ್ನೂ ನಿಮಗೆ ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಆದಮೇಲೂ ಅದು ಆರುವುದಿಲ್ಲ, ಯಾಕೆಂದರೆ ಇದು ಹೆದರಿಕೆಯಿಂದ ಆದ ಗಾಯವಲ್ಲ, ತಪ್ಪು ಮಾಡಿದೆ ಅನ್ನುವ ಗಾಯ. ಎರಡೂ ಬೇರೆ ಅಂತ ಮನೋವೈದ್ಯರೂ ಈಗ ಹೇಳುತ್ತಾರೆ. ಮತ್ತೆ ನೋಡಿ ತಾಯಿ, ಇದಕ್ಕೆ ಹಾರವೂ ಒಂದು ಶಿಕ್ಷೆ. ವರ್ಷಕ್ಕೊಮ್ಮೆ ಪೇಟ ಇಟ್ಟು, ಮಕ್ಕಳ ಮುಂದೆ ನಿಲ್ಲಿಸಿ, ವೀರ ಯೋಧ ಅಂತ ಮೈಕಿನಲ್ಲಿ ಕೂಗಿದರೆ ಆ ಮನುಷ್ಯ ಆಮೇಲೆ "ನಾನು ಅವತ್ತು ಹೆದರಿದ್ದೆ" ಅಂತ ಯಾರ ಹತ್ತಿರ ಹೇಳಬೇಕು? ಬೈದರೂ ಬಾಯಿ ಮುಚ್ಚುತ್ತದೆ, ಹೊಗಳಿದರೂ ಮುಚ್ಚುತ್ತದೆ. ನಮ್ಮ ವಠಾರದ ಅಣ್ಣ ಎರಡು ಸಲವೂ ಒಂದೇ ಥರ ಮುಖ ನೋಡಿದ್ದು ಯಾಕೆ ಅಂತ ನನಗೆ ಅರ್ಥವಾಗಲು ಹದಿನೈದು ವರ್ಷ ಹಿಡಿಯಿತು.

ಆದ್ದರಿಂದ ಕೇಳಿ, ಆದರೆ ತೀರ್ಪಿಗಾಗಿ ಕೇಳಬೇಡಿ. ಕೊಂದ್ರಾ, ಇದ್ರಾ, ನೋಡಿದ್ರಾ, ಈ ಮೂರೂ ಬೇಡ. ಜೊತೆಗಿದ್ದವರ ಹೆಸರು ಕೇಳಿ. ಅಲ್ಲಿ ಊಟ ಏನು ಸಿಗುತ್ತಿತ್ತು, ತಮಿಳು ಬರುತ್ತಿತ್ತಾ, ಮಳೆ ಹೇಗೆ, ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಇಂಥವು. ಕ್ಯಾಂಟೀನಿಗೋ ಮಾಜಿ ಸೈನಿಕರ ಇಸಿಎಚ್‌ಎಸ್ ಆಸ್ಪತ್ರೆಗೋ ಮೈಸೂರಿಗೆ ಬರುವಾಗ ಜೊತೆಗೆ ಬನ್ನಿ. ಗಾಡಿಯಲ್ಲಿ ಇಬ್ಬರೂ ರಸ್ತೆ ನೋಡುತ್ತಾ ಕೂತಾಗ ಬರುವ ಮಾತು ಎದುರುಬದುರು ಕೂತಾಗ ಬರುವುದಿಲ್ಲ. ಅವರ ಹಳೆಯ ಪಲ್ಟನ್‌ನವರು ಹತ್ತಿರದಲ್ಲಿ ಯಾರಾದರೂ ಇದ್ದರೆ ಒಂದು ದಿನ ಊಟಕ್ಕೆ ಕರೆಯಿರಿ, ನೀವು ಅಡುಗೆಮನೆಯಲ್ಲಿರಿ. ಏನೂ ಹೇಳದಿದ್ದರೆ ಬಿಡಿ. ರಾತ್ರಿ ನಿದ್ದೆ ಬಿಟ್ಟಿದ್ದಾರೆ, ಕುಡಿತ ಜಾಸ್ತಿಯಾಗಿದೆ, ಬದುಕಿ ಏನು ಪ್ರಯೋಜನ ಅನ್ನುವ ಥರ ಮಾತು ಬರುತ್ತಿದೆ ಅಂದರೆ ಮಾತ್ರ ಕಾಯಬೇಡಿ. ಇಸಿಎಚ್‌ಎಸ್‌ನಲ್ಲಿ ಹೇಳಿ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅವರು ನಿಜವಾಗಿಯೂ ಕೆಟ್ಟದ್ದನ್ನು ಹೇಳಿಬಿಟ್ಟರೆ? ನೀವು ಅದನ್ನು ಕೇಳಿಲ್ಲ, ಆದರೆ ನಿಮ್ಮ ಪ್ರಶ್ನೆಯ ಅಡಿಯಲ್ಲಿ ಇರುವುದು ಅದೇ ಹೆದರಿಕೆ ಅಂತ ನನಗನ್ನಿಸಿತು. ಆಗ "ಹೋಗ್ಲಿ ಬಿಡಪ್ಪ, ಯುದ್ಧ ಅಂದ್ಮೇಲೆ ಇದ್ದಿದ್ದೇ" ಅನ್ನಬೇಡಿ. ಅದು ನೀವು ಕೊಡುವಂಥ ಕ್ಷಮೆ ಅಲ್ಲ. ಕ್ಷಮಿಸುವ, ಕ್ಷಮಿಸದೆ ಇರುವ ಹಕ್ಕು ಜಾಫ್ನಾದಲ್ಲಿ ಯಾರದೋ ಮನೆಯಲ್ಲಿದೆ. ಈ ವಿಷಯದಲ್ಲಿ ಪಾಂಡವಪುರದ ತೀರ್ಪಿಗಿಂತ, ನನ್ನ ತೀರ್ಪಿಗಿಂತ, ಅವರ ಮಾತಿಗೆ ಬೆಲೆ ಜಾಸ್ತಿ. ಅಲ್ಲಿ ರಜನಿ ತಿರಣಗಾಮ ಅಂತ ಒಬ್ಬರು ಡಾಕ್ಟರ್ ಇದ್ದರು, ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಹೇಳಿಕೊಡುತ್ತಿದ್ದವರು. ನಮ್ಮ ಸೈನ್ಯ ಮಾಡಿದ್ದನ್ನೂ ಹುಲಿಗಳು ಮಾಡಿದ್ದನ್ನೂ ಒಂದೇ ಪೆನ್ನಿನಲ್ಲಿ, ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡವರು. 1989ರ ಸೆಪ್ಟೆಂಬರ್ 21ಕ್ಕೆ ಸೈಕಲ್‌ನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಕೊಂದದ್ದು ಎಲ್‌ಟಿಟಿಇ ಅಂತ ಅವರ ಮನೆಯವರೂ ಜೊತೆಗಾರರೂ ಹೇಳುತ್ತಾ ಬಂದಿದ್ದಾರೆ. ಎರಡು ಕಡೆಯ ಲೆಕ್ಕವನ್ನೂ ಬರೆಯುವವರನ್ನು ಎರಡು ಕಡೆಯವರೂ ಸಹಿಸುವುದಿಲ್ಲ. ಥಾಂಪ್ಸನ್ ಕತೆ ಇದಕ್ಕಿಂತ ಬೇರೆಯಲ್ಲ. ಅಪ್ಪ ಹೇಳಿದರೆ ಪೂರ್ತಿ ಕೇಳಿ, ಯಾವ ಊರು, ಯಾವ ತಿಂಗಳು ಅಂತ ನೆನಪಿಟ್ಟುಕೊಳ್ಳಿ. ಅವರು ಒಪ್ಪಿದರೆ ಬರೆದಿಡಿ. ಅಲ್ಲಿ ಯಾರಾದರೂ ಇವತ್ತಿಗೂ ಅದೇ ದಿನದ ಬಗ್ಗೆ ಹುಡುಕುತ್ತಿರಬಹುದು.

ನಿಮ್ಮ ತಮ್ಮನಿಗೆ ಬೈಯಬೇಡಿ. ಕೇಳಿದ ಜಾಗ ತಪ್ಪು, ಕೇಳಿದ್ದು ತಪ್ಪಲ್ಲ. ಅವನನ್ನೇ ಒಂದು ಸಂಜೆ ಕಳಿಸಿ, ಫೋನ್ ಮನೆಯಲ್ಲಿ ಬಿಟ್ಟು ಬರಲಿ, ದೊಡ್ಡಪ್ಪನ ಜೊತೆ ಗದ್ದೆ ಕಡೆ ಹೋಗಿ ನೀರು ಕಟ್ಟಿ ಬರಲಿ.

ಇನ್ನು ಜನವರಿ 26. ಹೆಡ್ಮಾಸ್ಟರಿಗೆ ಮೊದಲೇ ಹೇಳಿಬಿಡಿ, ಈ ಸಲ ಸನ್ಮಾನ ಬೇಡ, ಮೈಕ್ ಬೇಡ, ಹೆಸರು ಕರೆಯುವುದೂ ಬೇಡ ಅಂತ. ಅಪ್ಪನಿಗೆ ಬೆಳಿಗ್ಗೆ ಬಾವುಟ ಏರಿಸುವ ಹೊತ್ತಿಗೆ ನಾನು ಹೋಗ್ತಿದೀನಿ, ಬರೋದಾದ್ರೆ ಬನ್ನಿ ಅಂತ ಮಾತ್ರ ಹೇಳಿ. ಬಂದರೆ ಹಿಂದಿನ ಸಾಲಿನಲ್ಲಿ, ಮಕ್ಕಳ ಅಪ್ಪ ಅಮ್ಮಂದಿರು ನಿಲ್ಲುವ ಕಡೆ ನಿಮ್ಮ ಪಕ್ಕದಲ್ಲೇ ನಿಲ್ಲಲಿ. ಬರದಿದ್ದರೆ ಅವರ ಪಾಲಿನ ಬೂಂದಿ ಕಾಳು ಮನೆಗೆ ತಂದುಕೊಡಿ.